ಹನುಮಯ್ಯನ ಎಡೆಯ ಬೋಟಿ ಗೊಜ್ಜು

ಅಂಕಮ್ಮ ಉಣ್ಣಲು ಕೂತರೆ ಬಾಗಿಲು ಹಾಕುವುದಿಲ್ಲ. ಸುದ್ದಗುಂಟೆಪಾಳ್ಯದ ಅವಳ ಹಳೇ ಮನೆಯ ಹಿಂದೆ ಸಾಲಾಗಿ ಕಟ್ಟಿಸಿದ ನಾಲ್ಕು ವಠಾರದ ಮನೆಗಳಿವೆ. ಅಲ್ಲಿನ ಬಾಡಿಗೆಯವರಿಗೆ ಇದೊಂದು ಅಸಹ್ಯ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಜಗುಲಿಯ ಮೇಲೆ ಕಾಲು ಮಡಚಿ ಕೂತು, ತಟ್ಟೆ ಎದುರಿಗಿಟ್ಟುಕೊಂಡು, ಬೀದಿಯಲ್ಲಿ ಹೋಗಿ ಬರುವವರ ಮುಂದೆಯೇ ಒಂದೊಂದು ತುತ್ತನ್ನೂ ಅಗಿದು ಅಗಿದು ತಿನ್ನುತ್ತಾಳೆ. ಕಣ್ಣು ಬೀಳುತ್ತದೆ, ಒಳಗೆ ಕೂತು ಉಣ್ಣಬಾರದೇ ಎಂದು ಬ್ಯಾಂಕಿನ ಗುಮಾಸ್ತನ ಹೆಂಡತಿ ಒಮ್ಮೆ ಹೇಳಿ ನೋಡಿದಳು. ಒಳಗೆ ಕೂತು ಉಂಡಿದ್ದು ಸಾಕಾಗಿದೆ ಎಂದಳಂತೆ ಅಂಕಮ್ಮ. ಇದು ಎಂಬತ್ತಾರನೇ ಇಸವಿಯ ಮಾತು. ಒಳಗೆ ಕೂತು ಅವಳು ಏನು ಉಂಡಿದ್ದಳು ಎಂದು ಗೊತ್ತಾದರೆ ಆ ಗುಮಾಸ್ತನ ಹೆಂಡತಿ ಒಂದು ವಾರ ಅನ್ನ ಮುಟ್ಟಲಾರಳು. ಹೇಳುವವರಿಗೂ ವಾಕರಿಕೆ ಬರುವ ಸಂಗತಿ ಅದು. ಆದರೂ ಹೇಳಬೇಕು.

ಅಂಕಮ್ಮ ಬಿಳೇಕಹಳ್ಳಿಯ ಮುನಿಯಕ್ಕನ ಒಬ್ಬಳೇ ಮಗಳು. ಮುನಿಯಕ್ಕ ಗಂಡ ಸತ್ತ ಮೇಲೆ ಜಯನಗರದಲ್ಲಿ ಮನೆ ಕಟ್ಟುವ ಕಡೆ ಗಾರೆ ಹೊತ್ತು ಮಗಳನ್ನು ಸಾಕಿದವಳು. ಎಪ್ಪತ್ತನೇ ಇಸವಿಯಲ್ಲಿ ಆ ಮಗಳು ಸುದ್ದಗುಂಟೆಪಾಳ್ಯದ ಹನುಮಯ್ಯನ ಮನೆಗೆ ಸೊಸೆಯಾಗಿ ಬಂದಳು. ಹನುಮಯ್ಯನಿಗೆ ಆಗ ಹೊಲ ಇತ್ತು, ಎಮ್ಮೆ ಇತ್ತು, ಊರಲ್ಲಿ ಮಾತಿಗೆ ಬೆಲೆ ಇತ್ತು. ಮಗ ಪಿಳ್ಳಣ್ಣ ಹೊಸೂರು ರಸ್ತೆಯ ಒಂದು ಕಾರ್ಖಾನೆಗೆ ಹೋಗುತ್ತಿದ್ದ. ಮಗಳು ತಿಮ್ಮಕ್ಕನನ್ನು ಪಕ್ಕದ ತಾವರೆಕೆರೆಗೇ ಕೊಟ್ಟಿದ್ದರಿಂದ ಅವಳು ವಾರಕ್ಕೆರಡು ಸಲ ತವರಲ್ಲಿ ಹಾಜರ್. ಇವರೆಲ್ಲರನ್ನೂ ಬೆರಳ ತುದಿಯಲ್ಲಿ ಕುಣಿಸುತ್ತಿದ್ದವಳು ಅತ್ತೆ ಸಪ್ಪಲಮ್ಮ.

ಆ ಮನೆಯಲ್ಲಿ ಊಟಕ್ಕೊಂದು ಕ್ರಮವಿತ್ತು. ಮೊದಲು ಗಂಡಸರು, ಆಮೇಲೆ ಅತ್ತೆ ಮತ್ತು ಬಂದ ಮಗಳು, ಎಲ್ಲ ಮುಗಿದ ಮೇಲೆ ಮಡಕೆಯಲ್ಲಿ ಉಳಿದಿದ್ದಕ್ಕೆ ಸೊಸೆ. ಅದೂ ಅಡುಗೆಮನೆಯಲ್ಲಿ, ಒಬ್ಬಳೇ, ಬಾಗಿಲು ಎಳೆದುಕೊಂಡು. ಸೊಸೆ ಉಣ್ಣುವುದು ಗೋಡೆಗೂ ಕಾಣಬಾರದು ಎಂದು ಸಪ್ಪಲಮ್ಮನ ಅತ್ತೆ ಸಪ್ಪಲಮ್ಮನಿಗೆ ಹೇಳಿದ್ದಳಂತೆ, ಸಪ್ಪಲಮ್ಮ ಅದನ್ನೇ ಇವಳಿಗೆ ದಾಟಿಸಿದಳು. ಎಂಥ ಕೊಳಕು ನಿಯಮ. ಬೇಯಿಸುವ ಕೈ ಎಲ್ಲರಿಗೂ ಕಾಣಬೇಕು, ಆ ಕೈ ಬಾಯಿಗೆ ಹೋಗುವುದು ಮಾತ್ರ ಯಾರಿಗೂ ಕಾಣಬಾರದು. ಯಾರೂ ನೋಡದ ಕಡೆ ಯಾರು ಎಷ್ಟು ತಿಂದರು ಎಂದು ಕೇಳುವವರಾದರೂ ಯಾರು?

ಮದುವೆಯಾದ ಮೂರನೇ ತಿಂಗಳು ಒಂದು ಮಧ್ಯಾಹ್ನ ತಿಮ್ಮಕ್ಕ ಊಟದ ಮಧ್ಯೆ ಒಂದು ಸುದ್ದಿ ಬಿಚ್ಚಿದಳು. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಬಸ್ಸಿಗೆ ಕಾಯುವಾಗ ಬೀಗಿತ್ತಿ ಮುನಿಯಕ್ಕನನ್ನು ಕಂಡಳಂತೆ. ತಲೆಯ ಮೇಲೆ ಗಾರೆ ಬಾಂಡ್ಲಿ, ತೋಳು ಹರಿದ ಕುಪ್ಪಸ, ಮೇಸ್ತ್ರಿಗಳ ಮಧ್ಯೆ ಕುಕ್ಕರುಗಾಲಲ್ಲಿ ಕೂತು ಅವರದೇ ಲೋಟದಲ್ಲಿ ಚಾ. ಹೇಳಿ ನಕ್ಕಳು. ಸಪ್ಪಲಮ್ಮ ನಕ್ಕಳು. ಪಿಳ್ಳಣ್ಣನೂ ಮೀಸೆಯಡಿ ನಕ್ಕ. ಬಡಿಸುತ್ತ ನಿಂತಿದ್ದ ಅಂಕಮ್ಮನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ನಮ್ಮವ್ವ ದುಡಿದು ಉಣ್ಣುತ್ತಾಳೆ, ನಿನ್ನ ಹಾಗೆ ವಾರವಾರ ತವರಿಗೆ ಬಂದು ಸೆರಗಿನಲ್ಲಿ ರಾಗಿ ಕಟ್ಟಿಕೊಂಡು ಹೋಗುವುದಿಲ್ಲ ಎಂದು ಹೇಳಬೇಕಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂತು, ತಿರುಗಿ ಒಳಗೆ ಹೋಯಿತು.

ಅವತ್ತು ಅವಳು ಅಡುಗೆಮನೆಯ ಬಾಗಿಲು ಎಳೆದುಕೊಂಡು ಕೂತವಳು ತನ್ನ ಪಾಲಿನ ಮುದ್ದೆ ನುಂಗಿದಳು. ಸಂಜೆಗೆಂದು ಇಟ್ಟಿದ್ದ ಎರಡು ಮುದ್ದೆಯನ್ನೂ ನುಂಗಿದಳು. ಕೊಬ್ಬು ಹೆಪ್ಪುಗಟ್ಟಿದ ತಣ್ಣನೆ ಸಾರನ್ನು ಮಡಕೆಗೇ ಬಾಯಿಟ್ಟು ಕುಡಿದಳು. ತಳ ಹತ್ತಿದ ಅನ್ನವನ್ನು ಉಗುರಿನಲ್ಲಿ ಕೆರೆದಳು. ಕೊನೆಗೆ ಎಮ್ಮೆಯ ಕಲಗಚ್ಚಿಗೆ ಸುರಿದಿದ್ದ ನೆನ್ನೆಯ ಅನ್ನವನ್ನೂ ಹಿಂಡಿ ಬಾಯಿಗೆ ಹಾಕಿಕೊಂಡಳು. ಹುಳಿ ವಾಸನೆ ಮೂಗಿಗೆ ಬಡಿದಾಗ ಕೈ ನಿಂತಿತು. ಮೊಣಕೈಯವರೆಗೆ ಮೆತ್ತಿದ ಆ ಕೈಯನ್ನು ನೋಡಿಕೊಂಡು ಅವಳಿಗೆ ಹೇಸಿಗೆಯಾಯಿತು. ಹಿತ್ತಿಲಿಗೆ ಓಡಿ ಕಾರಿಕೊಂಡಳು, ಬೂದಿ ಹಾಕಿ ಮುಚ್ಚಿದಳು, ಬಾಯಿ ತೊಳೆದು ಒಳಗೆ ಬಂದು ಸಂಜೆಗೆ ಹೊಸದಾಗಿ ಹಿಟ್ಟು ತೊಳಸಿದಳು.

ಒಂದು ಸಲ ಆಗಿದ್ದು ಅಭ್ಯಾಸವಾಯಿತು. ಒಂದು ಕುಹಕ, ಒಂದು ಬೈಗುಳ, ಗಂಡನ ಒಂದು ಮುಖ ತಿರುಗಿಸುವಿಕೆ ಸಾಕು, ಬಾಗಿಲು ಎಳೆದುಕೊಳ್ಳುತ್ತಿದ್ದಳು. ಬೆಲ್ಲದ ಅಚ್ಚು, ಹಸಿ ಅಕ್ಕಿ, ಕಡಲೆಕಾಯಿ, ಏನೂ ಸಿಗದಿದ್ದರೆ ಒಣ ರಾಗಿಹಿಟ್ಟು. ಎಲ್ಲರ ಕಣ್ಣೆದುರು ಮಾತ್ರ ಅರ್ಧ ಮುದ್ದೆಯವಳು. ಮೈ ದಿನದಿನಕ್ಕೆ ಊದಿತು. ಗಾಳಿ ಕುಡಿದೇ ಊದ್ತಾಳೆ ನಮ್ಮತ್ತಿಗೆ ಎಂದು ತಿಮ್ಮಕ್ಕ ನಗುತ್ತಿದ್ದಳು, ಅವಳು ನಕ್ಕ ದಿನ ಬೆಲ್ಲದ ಡಬ್ಬ ಇನ್ನಷ್ಟು ಖಾಲಿಯಾಗುತ್ತಿತ್ತು. ಇನ್ನು ಹೀಗೆ ಮಾಡಲಾರೆ ಎಂದು ಅಂಕಮ್ಮ ಊರಮ್ಮನ ಮುಂದೆ ಕರ್ಪೂರ ಆರಿಸಿ ಆಣೆ ಇಟ್ಟಳು. ಆಣೆ ನಾಲ್ಕು ದಿನ ಬಾಳಿತು. ಹೊಟ್ಟೆಬಾಕಿ, ಹಂದಿ ಎಂದು ತನ್ನನ್ನು ತಾನೇ ಬೈದುಕೊಂಡಳು. ಹೊಟ್ಟೆಗೆ ಹಾಕಿಕೊಂಡು ಹೋಗಬೇಕು ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಿ ಕಳಿಸುತ್ತಾರಲ್ಲ, ಹಾಕಿಕೊಂಡಿದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಿ ಕಳಿಸುವುದಿಲ್ಲ.

ಎಪ್ಪತ್ತೆಂಟರ ಹೊತ್ತಿಗೆ ಹೊಲದ ಮೇಲೆ ಬಡಾವಣೆಯವರ ಕಲ್ಲು ಬಿದ್ದಿತ್ತು. ಹನುಮಯ್ಯ ಹಾಸಿಗೆ ಹಿಡಿದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ ಮನುಷ್ಯ. ಒಂದು ಶನಿವಾರ ಮಧ್ಯಾಹ್ನ ಹೆಂಡತಿಯನ್ನು ಕರೆದು ಬೋಟಿ ಗೊಜ್ಜು ತಿನ್ನಬೇಕು ಎನಿಸುತ್ತದೆ ಎಂದ. ಅವನಿಗೆ ಕುರಿಯ ಬೋಟಿ, ಅಂದರೆ ಕರುಳು ಜಠರದ ಮಾಂಸ, ಎಂದರೆ ಪ್ರಾಣ. ಆದರೆ ಶನಿವಾರ ಆಂಜನೇಯನ ದಿನ, ಆ ಮನೆಯ ಒಲೆಯ ಮೇಲೆ ಮಾಂಸ ಏರಿದ್ದೇ ಇಲ್ಲ. ನಾಳೆ ತರಿಸುತ್ತೇನೆ ಎಂದಳು ಸಪ್ಪಲಮ್ಮ. ಅವನು ಮತ್ತೆ ಕೇಳಿದ. ಮೂರನೇ ಸಲ ಕೇಳಿದಾಗ ಅವಳಿಗೆ ರೇಗಿತು, ಸಾಯುವ ಕಾಲಕ್ಕೆ ಇದೇನು ನಾಲಿಗೆ ಚಪಲ ಎಂದು ಬಿಟ್ಟಳು. ಭಾನುವಾರ ಕಸಾಯಿಯವನು ಅಂಗಡಿ ತೆರೆಯುವ ಮೊದಲೇ ಹನುಮಯ್ಯ ಹೋಗಿಬಿಟ್ಟಿದ್ದ.

ಆ ಮಾತು ಸಪ್ಪಲಮ್ಮನನ್ನು ಮುಳ್ಳಾಗಿ ಚುಚ್ಚಿತು. ಅವತ್ತಿನಿಂದ ಅವಳು ಬೋಟಿ ಮುಟ್ಟಲಿಲ್ಲ. ಮಹಾಲಯ ಅಮಾವಾಸ್ಯೆ ಬಂದಾಗ ಗಂಡನ ಮೊದಲ ಎಡೆಗೆ ತಾನೇ ಗೊಜ್ಜು ಮಾಡುತ್ತೇನೆ ಎಂದಳು. ಮಾಡುವುದು ಅವಳು, ತೊಳೆಯುವುದು ಸೊಸೆ. ಅಂಕಮ್ಮ ಬೆಳಗಿನಿಂದ ಬೋಟಿಯನ್ನು ಬಿಸಿನೀರಿಗೆ ಅದ್ದಿ, ಸುಣ್ಣ ಹಚ್ಚಿ, ಕರಿ ಸಿಪ್ಪೆಯನ್ನು ಚಾಕುವಿನಲ್ಲಿ ಕೆರೆದು, ಕರುಳನ್ನು ಒಳಗೆ ಹೊರಗೆ ಮಾಡಿ ತೊಳೆದಳು. ಮೂರು ನೀರು ಕಳೆದರೂ ಸಗಣಿಯ ನಾತ ಬೆರಳು ಬಿಡಲಿಲ್ಲ. ಸಪ್ಪಲಮ್ಮ ಮಾತ್ರ ರುಚಿ ನೋಡದೆಯೇ ಬೇಯಿಸಿದಳು, ಎಡೆಯ ಅಡುಗೆಗೆ ಮೊದಲೇ ನಾಲಿಗೆ ಇಡುವ ಹಾಗಿಲ್ಲ.

ನಡುಮನೆಯಲ್ಲಿ ಬಾಳೆಲೆ ಹಾಕಿದರು. ಮುದ್ದೆ, ಅನ್ನ, ವಡೆ, ಕಜ್ಜಾಯ, ಒಂದು ಬಟ್ಟಲು ತುಂಬ ಬೋಟಿ ಗೊಜ್ಜು, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಹಿರಿಯರು ಬಂದು ಉಂಡು ಹೋಗುವವರೆಗೆ ಒಳಗೆ ಯಾರೂ ಇರಬಾರದು. ಸ್ವಲ್ಪ ಹೊತ್ತು ಬಿಟ್ಟು ಮೂರು ಸಲ ಬಾಗಿಲು ತಟ್ಟಿ ತೆರೆಯುತ್ತಾರೆ. ಅನ್ನದ ಮೇಲೆ ಒಂದು ಗೀರು ಕಂಡರೂ ಸಾಕು, ಬಂದಿದ್ದರು ಎಂದು ಸಮಾಧಾನಪಡುತ್ತಾರೆ.

ಜಗುಲಿಯಲ್ಲಿ ನೆಂಟರೆಲ್ಲ ಕಾಯುತ್ತಿದ್ದಾಗ ತಿಮ್ಮಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಇವಳು ಈ ಮನೆಗೆ ಕಾಲಿಟ್ಟಳು, ಹೊಲ ಹೋಯಿತು, ಅಪ್ಪನೂ ಹೋದ ಎಂದಳು. ಇಪ್ಪತ್ತು ಜನ ಕೇಳಿಸಿಕೊಂಡರು. ಒಬ್ಬರಾದರೂ ಇಲ್ಲ ಎನ್ನಲಿಲ್ಲ, ಪಿಳ್ಳಣ್ಣ ಕಂಬ ನೋಡುತ್ತ ನಿಂತಿದ್ದ. ನೀರು ತರುತ್ತೇನೆ ಎಂದು ಅಂಕಮ್ಮ ಹಿತ್ತಿಲಿಗೆ ಹೋದಳು. ಅಡುಗೆಮನೆಗೆ ಬಂದಳು. ಅಡುಗೆಮನೆಯಿಂದ ನಡುಮನೆಗೆ ಇನ್ನೊಂದು ಬಾಗಿಲಿತ್ತು, ಬರೀ ಚಿಲಕ. ಆಮೇಲೆ ನಡೆದದ್ದನ್ನು ಅವಳು ಕೈಯೇ ಮಾಡಿತು ಎನ್ನುತ್ತಾಳೆ. ಧೂಪದ ಹೊಗೆಯಲ್ಲಿ ಮಂಡಿಯೂರಿ, ಇನ್ನೂ ಸುಡುತ್ತಿದ್ದ ಗೊಜ್ಜಿಗೆ ಐದೂ ಬೆರಳು ಇಳಿಸಿ, ಅಗಿಯದೆ, ನಾರುನಾರಾದ ಆ ಬೋಟಿಯನ್ನು ಹಾಗೇ ಗಂಟಲಿಗೆ ತುರುಕಿದಳು. ಅಂಗುಳು ಸುಟ್ಟಿತು. ಗಲ್ಲದಿಂದ ಎಣ್ಣೆ ಇಳಿಯಿತು. ಬಟ್ಟಲು ಖಾಲಿಯಾದ ಮೇಲೆಯೇ ಅದು ಯಾರ ಬಟ್ಟಲು ಎಂದು ಅವಳಿಗೆ ಹೊಳೆದದ್ದು. ಥೂ, ಸತ್ತವನ ಬಾಯಿಂದ ಕಿತ್ತು ತಿಂದೆನಲ್ಲ ಎಂದುಕೊಂಡಳು. ಅಷ್ಟರಲ್ಲಿ ಆಚೆ ಬಾಗಿಲು ತಟ್ಟಿದರು.

ಚಿಲಕ ಹಾಕಿ ಅಡುಗೆಮನೆಯಲ್ಲಿ ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿರುವಾಗ ನಡುಮನೆಯಿಂದ ಸಪ್ಪಲಮ್ಮನ ಅಳು ಕೇಳಿಸಿತು. ಸಿಕ್ಕಿಬಿದ್ದೆ ಎಂದುಕೊಂಡಳು ಅಂಕಮ್ಮ. ಆದರೆ ಮುದುಕಿ ಖಾಲಿ ಬಟ್ಟಲನ್ನು ಎದೆಗೆ ಒತ್ತಿಕೊಂಡು, ಬಂದಿದ್ದ, ತಿಂದ, ನನ್ನ ಮಾತನ್ನು ಮನಸ್ಸಲ್ಲಿ ಇಟ್ಟುಕೊಳ್ಳಲಿಲ್ಲ ಎಂದು ಅಳುತ್ತಿದ್ದಳು. ಎಂಟು ತಿಂಗಳಿಂದ ಅವಳ ಮುಖದಲ್ಲಿ ಕಾಣದ ನೆಮ್ಮದಿ ಅದು. ನೆಂಟರು ಬಟ್ಟಲಿಗೆ ಕೈಮುಗಿದರು. ಅಂಕಮ್ಮನೂ ಮುಗಿದಳು. ಮುಗಿದ ಬೆರಳುಗಳು ಬೋಟಿ ನಾರುತ್ತಿದ್ದವು.

ಸುದ್ದಿ ಪಾಳ್ಯದಲ್ಲೆಲ್ಲ ಹರಡಿತು. ಮುಂದಿನ ವರ್ಷ ಹನುಮಯ್ಯನ ಬಟ್ಟಲು ನೋಡಲು ಹಿಂದಿನ ಬೀದಿಯ ಗೋವಿಂದಮ್ಮ ತನ್ನ ನೆಂಟರನ್ನೆಲ್ಲ ಕಟ್ಟಿಕೊಂಡು ಬಂದಳು. ಬೇರೆ ಮನೆಯವರು ಎಡೆಗೆ ಏನೇನು ಇಡಬೇಕು ಎಂದು ಸಪ್ಪಲಮ್ಮನನ್ನು ಕೇಳತೊಡಗಿದರು. ಅಂಕಮ್ಮನಿಗೆ ಇದು ಬಾಯಲ್ಲಿಟ್ಟ ಬಿಸಿ ತುಪ್ಪ. ತಿನ್ನದಿದ್ದರೆ ಮುದುಕಿ ಒಡೆದುಹೋಗುತ್ತಾಳೆ, ತಿಂದರೆ ತಾನು. ಎರಡನೇ ವರ್ಷವೂ ತಿಂದಳು, ಮೂರನೇ ವರ್ಷವೂ ತಿಂದಳು. ಮನೆ ತುಂಬ ಜನ ಕೈಮುಗಿದು ನಿಂತಿರುವಾಗ ಹಿತ್ತಿಲಲ್ಲಿ ಬಗ್ಗಿ ಅದನ್ನೇ ಕಾರುತ್ತಿದ್ದಳು. ಅವಳ ಕಳ್ಳತಿಂಡಿಗೆ ಈಗ ಧೂಪದ ಹೊಗೆ ಬೇರೆ. ಇಡೀ ಊರು ಸೇರಿ ಒಂದು ಕಾಯಿಲೆಯನ್ನು ಪೂಜೆ ಮಾಡುತ್ತಿತ್ತು, ಅದಕ್ಕಿಂತ ಹೇಸಿಗೆ ಇನ್ನೇನಿದೆ?

ಮೂರನೇ ಮಹಾಲಯ ಕಳೆದ ಮೇಲೆ ಅಂಕಮ್ಮ ನಾಲ್ಕು ದಿನಕ್ಕೆಂದು ಬಿಳೇಕಹಳ್ಳಿಗೆ ಹೋದಳು. ಅಲ್ಲಿ ಓಲೆಯೊಂದು ಬಂತು, ಗಂಡ ಒಂದು ಸಾಲೂ ಬರೆಯದೆ ತಿಮ್ಮಕ್ಕನ ಮಗನ ಕೈಯಲ್ಲಿ ಬರೆಸಿದ್ದು, ಎರಡು ದಿನ ಮೊದಲೇ ಬಂದುಬಿಡು ಎಂದು. ಓದಿಸಿಕೊಂಡವಳು ಸೀದಾ ಒಳಗೆ ಹೋದಳು. ಕೆಲಸದಿಂದ ಬೇಗ ಬಂದ ಮುನಿಯಕ್ಕ, ಮಗಳು ಹಿಟ್ಟಿನ ಮಡಕೆಯ ಮುಂದೆ ಕೂತು ಒಣ ಹಿಟ್ಟನ್ನು ಬಾಯಿಗೆ ತುರುಕುತ್ತ ಕೆಮ್ಮುತ್ತಿರುವುದನ್ನು ಕಂಡಳು. ಗಾರೆ ಮೆತ್ತಿದ ಕೈಯಲ್ಲೇ ಅವಳ ಬಾಯಿಂದ ಹಿಟ್ಟು ತೆಗೆದು, ನೀರು ಕುಡಿಸಿ, ಎಲ್ಲವನ್ನೂ ಹೇಳಿಸಿದಳು. ಎಡೆಯ ಕತೆ ಕೇಳಿ ಮುಖ ಹಿಂಡಿದಳು, ಆದರೆ ಬೈಯಲಿಲ್ಲ.

"ಹಸಿವು ನಂಗೊತ್ತು ಕಣೆ. ಅದು ಹೊಟ್ಟೇಲಿರ್ತದೆ, ತಂಗಳು ಹಾಕಿದ್ರೂ ಸುಮ್ನಾಯ್ತದೆ. ನಿಂದು ಗಂಟಲಲ್ಲಿದೆ. ಆಡಬೇಕಾಗಿದ್ದ ಮಾತು ಅಲ್ಲೇ ಕುಂತದೆ, ನೀನು ಅದರ ಮೇಲೆ ಹಿಟ್ಟು ಸುರೀತಿದ್ದೀಯ," ಎಂದಳು ಮುನಿಯಕ್ಕ.

ಹತ್ತು ವರ್ಷದಲ್ಲಿ ಅಂಕಮ್ಮನಿಗೆ ಇದು ಹೊಳೆದಿರಲಿಲ್ಲ. ತಾನು ಹುಟ್ಟಾ ಹೊಟ್ಟೆಬಾಕಿ ಎಂದೇ ನಂಬಿದ್ದಳು. ಲೆಕ್ಕ ಹಾಕಿ ನೋಡಿದರೆ ಬಾಗಿಲು ಎಳೆದುಕೊಂಡ ಒಂದೊಂದು ದಿನದ ಹಿಂದೆಯೂ ನುಂಗಿದ ಒಂದೊಂದು ಮಾತಿತ್ತು. ಜನರಿಗೆ ಹೇಳಲು ಧೈರ್ಯ ಇಲ್ಲದಿದ್ದರೆ ಮಡಕೆಗೆ ಕೈ ಹಾಕುವ ಮೊದಲು ಒರಳುಕಲ್ಲಿಗಾದರೂ ಹೇಳು ಎಂದು ಕಳಿಸಿದಳು ತಾಯಿ.

ಅಂಕಮ್ಮ ಹಾಗೇ ಮಾಡಿದಳು. ಹಿತ್ತಿಲ ಒರಳುಕಲ್ಲಿನ ಮುಂದೆ ಕೂತು, ತಿಮ್ಮಕ್ಕನಿಗೆ ಕೊಡಬೇಕಿದ್ದ ಉತ್ತರಗಳನ್ನೆಲ್ಲ ಖಾರ ರುಬ್ಬುತ್ತ ಕಲ್ಲಿಗೆ ಕೊಟ್ಟಳು. ಮೊದಮೊದಲು ತನ್ನ ದನಿಗೆ ತಾನೇ ನಾಚಿದಳು. ಬೈದು ಮುಗಿಸಿದ ಮೇಲೆ ಮಡಕೆಯ ಕಡೆ ಹೋಗುವ ಕೈ ಎಷ್ಟೋ ಸಲ ಸುಮ್ಮನಾಗುತ್ತಿತ್ತು. ಎಷ್ಟೋ ಸಲ ಆಗುತ್ತಿರಲಿಲ್ಲ. ದೀಪಾವಳಿಯಲ್ಲಿ ಒಂದು ಡಬ್ಬ ಕಜ್ಜಾಯ ನುಂಗಿ ಎರಡು ದಿನ ಮುಖ ಎತ್ತಲಿಲ್ಲ. ಯುಗಾದಿ ಕಳೆದ ಮೇಲೆ ತಿಂಗಳಿಗೆ ಒಂದು ಸಲಕ್ಕೆ ಇಳಿಯಿತು.

ನಾಲ್ಕನೇ ಮಹಾಲಯ ಬಂತು. ಎಡೆ ಇಟ್ಟರು, ಬಾಗಿಲು ಮುಚ್ಚಿದರು, ಜನ ಜಗುಲಿ ತುಂಬಿದ್ದರು. ಅಂಕಮ್ಮ ಅಡುಗೆಮನೆಯಲ್ಲಿ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಅವಳಿಗೆ ಹಸಿವಿರಲಿಲ್ಲ, ಅವತ್ತು ಯಾರ ಮಾತೂ ಗಂಟಲಲ್ಲಿ ಕೂತಿರಲಿಲ್ಲ. ಇದ್ದದ್ದು ಮುದುಕಿಯ ಮೇಲಿನ ಕನಿಕರ ಒಂದೇ. ಕನಿಕರಕ್ಕೂ ತಿಂದರೆ ಇನ್ನು ಇದಕ್ಕೆ ಕೊನೆಯಿಲ್ಲ ಎಂದು ಕೈ ತೆಗೆದಳು.

ಬಾಗಿಲು ತೆರೆದಾಗ ಬಟ್ಟಲು ತುಂಬಿತ್ತು. ಗೊಜ್ಜಿನ ಮೇಲೆ ಕೊಬ್ಬು ಕೆನೆಗಟ್ಟಿ ಒಂದು ನೊಣ ಕೂತಿತ್ತು. ಗೋವಿಂದಮ್ಮ, ಏನು ತಪ್ಪು ನಡೆಯಿತೋ ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿ ಹೋದಳು. ವರ್ಷವರ್ಷ ಬಟ್ಟಲಿಗೆ ಅಡ್ಡಬಿದ್ದವರೇ ಬೀದಿ ತಿರುಗುವ ಮೊದಲೇ ನಗತೊಡಗಿದ್ದರು.

ಸಪ್ಪಲಮ್ಮ ಅವತ್ತು ಮಲಗಿದವಳು ಏಳಲಿಲ್ಲ. ಅನ್ನ ತಂದರೆ ಗೋಡೆಯ ಕಡೆ ಹೊರಳಿದಳು. ಅವನು ಮುನಿಸಿಕೊಂಡಿದ್ದಾನೆ, ಅವನು ತಿನ್ನದ್ದನ್ನು ನಾನು ತಿನ್ನಲಾರೆ ಎಂದಳು. ಎರಡು ದಿನ, ಮೂರು ದಿನ, ನೀರು ಬಿಟ್ಟು ಬೇರೇನೂ ಒಳಗೆ ಹೋಗಲಿಲ್ಲ. ಪಿಳ್ಳಣ್ಣ ಡಾಕ್ಟರನ್ನು ಕರೆಸಿದ, ತಿಮ್ಮಕ್ಕ ಬಂದು ಅತ್ತು ಹೋದಳು. ಐದನೇ ದಿನಕ್ಕೆ ಮುದುಕಿಯ ತುಟಿ ಸೀಳಿತ್ತು, ಬಾಯಿಂದ ಹಳಸಿದ ವಾಸನೆ ಬರುತ್ತಿತ್ತು. ಹೇಳಿದರೆ ತನ್ನನ್ನು ಈ ಮನೆಯಿಂದ ಹೊರಗೆ ಹಾಕುತ್ತಾರೆ, ಹೇಳದಿದ್ದರೆ ಈ ಮನೆಯಿಂದ ಇನ್ನೊಂದು ಹೆಣ ಹೊರಗೆ ಹೋಗುತ್ತದೆ. ಅಂಕಮ್ಮ ರಾತ್ರಿಯೆಲ್ಲ ಹೊರಳಾಡಿ, ಆರನೇ ದಿನ ಬೆಳಗ್ಗೆ ಗಂಡ ಹಿತ್ತಿಲಲ್ಲಿ ಇದ್ದಾಗ ಅತ್ತೆಯ ಹಾಸಿಗೆಯ ಹತ್ತಿರ ಬಂದು ಕೂತಳು.

"ಅತ್ತೆ, ಮಾವ ಈ ವರ್ಷ ಬರಲಿಲ್ಲ ಅಂತಲ್ಲ. ಯಾವ ವರ್ಷಾನೂ ಬಂದಿರ್ಲಿಲ್ಲ. ನಾನೇ ತಿಂದಿದ್ದು."

ಸಪ್ಪಲಮ್ಮ ನಿಧಾನಕ್ಕೆ ಈ ಕಡೆ ಹೊರಳಿದಳು. ಆಮೇಲೆ ಒಣಗಿದ ಬಾಯಲ್ಲಿ ಇದ್ದಷ್ಟು ಉಗುಳನ್ನು ಕೂಡಿಸಿ ಪಕ್ಕಕ್ಕೆ ಉಗಿದಳು.

"ಥೂ. ಸತ್ತೋರ ಎಡೆ ತಿಂದ್ಯೇನೇ? ಅಷ್ಟು ಹಸಿದಿದ್ಯಾ?"

"ಹಸಿದಿರ್ಲಿಲ್ಲ ಅತ್ತೆ. ತಿಮ್ಮಕ್ಕ ಅಂದಿದ್ದಕ್ಕೆ ಉತ್ತರ ಹೇಳ್ಬೇಕಿತ್ತು. ಹೇಳಲಿಲ್ಲ, ತಿಂದೆ."

ಕಲಗಚ್ಚಿನ ಅನ್ನದಿಂದ ಹಿಡಿದು ಹಿತ್ತಿಲ ಬೂದಿಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಮುದುಕಿಯ ಮುಖದ ಗೆರೆಗಳೆಲ್ಲ ಹೇಸಿಗೆಯಿಂದ ಹಿಂಡಿಕೊಂಡವು. ಇನ್ನು ಮಗನನ್ನು ಕೂಗುತ್ತಾಳೆ, ಕೂದಲು ಹಿಡಿದು ಎಳೆಸುತ್ತಾಳೆ ಎಂದು ಅಂಕಮ್ಮ ಕಾದಳು. ಸಪ್ಪಲಮ್ಮ ಕೇಳಿದ್ದು ಬೇರೆಯೇ.

"ಉಪ್ಪು ಸರಿಯಾಗಿತ್ತಾ?"

ಅಂಕಮ್ಮ ಬಾಯಿ ತೆರೆದಳು. ನೆನಪಿಗೆ ಬಂದದ್ದು ಸುಟ್ಟ ಅಂಗುಳು, ಗಲ್ಲದ ಎಣ್ಣೆ, ಬಾಗಿಲು ತಟ್ಟಿದ ಸದ್ದು. ಮೂರು ವರ್ಷ ಮೂರು ಬಟ್ಟಲು ಖಾಲಿ ಮಾಡಿದವಳಿಗೆ ಒಂದು ತುಣುಕಿನ ರುಚಿಯೂ ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲ ಅತ್ತೆ. ರುಚಿ ನೋಡಲಿಲ್ಲ."

ಎಡೆ ಕದ್ದದ್ದಕ್ಕೆ ಉಗಿದವಳು ಇದಕ್ಕೆ ಎದ್ದೇ ಕೂತಳು. "ಅವನು ಒಂದು ತುಣುಕಿಗೆ ಬಾಯಿ ಬಿಟ್ಕಂಡು ಹೋದ. ನೀನು ಬಟ್ಲು ಬಟ್ಲು ನುಂಗಿ ಉಪ್ಪು ಗೊತ್ತಿಲ್ಲ ಅಂತೀಯಲ್ಲೇ. ಮನುಷ್ಯಳೇನೇ ನೀನು?" ಎಂದಳು. ಆಮೇಲೆ ಹಿತ್ತಿಲ ಕಡೆ ತಿರುಗಿ, ಆರು ದಿನ ಉಪವಾಸ ಬಿದ್ದವಳ ದನಿಯೇ ಅಲ್ಲ ಎನ್ನುವ ಹಾಗೆ, ಬೋಟಿ ತಂದು ಹಾಕು ಎಂದು ಮಗನಿಗೆ ಕೂಗಿ ಹೇಳಿದಳು. ಪಿಳ್ಳಣ್ಣ ಯಾಕೆ ಏನು ಎಂದು ಕೇಳುವ ಧೈರ್ಯ ಮಾಡದೆ ಸೈಕಲ್ ಹತ್ತಿದ.

ಅಂಕಮ್ಮ ತೊಳೆದಳು. ಸಪ್ಪಲಮ್ಮ ಗೋಡೆ ಹಿಡಿದುಕೊಂಡು ಬಂದು ಒಲೆಯ ಮುಂದೆ ಕೂತು ಬೇಯಿಸಿದಳು, ರುಚಿ ಮಾತ್ರ ನೋಡಲಿಲ್ಲ. ಬೆಂದ ಮೇಲೆ ಎರಡು ತಟ್ಟೆ ಇಟ್ಟಳು, ಒಂದು ತನಗೆ, ಒಂದು ಸೊಸೆಗೆ, ಎದುರುಬದುರು. ಅಂಕಮ್ಮ ಕೂರುವ ಮೊದಲು ಅಭ್ಯಾಸಬಲದಿಂದ ಅಡುಗೆಮನೆಯ ಬಾಗಿಲು ಎಳೆಯಲು ಹೋದಳು.

"ತೆಗೆದಿಡು. ಅವನು ಬರೋ ಹಾಗಿದ್ರೆ ಎಲ್ಲಾರ ಮುಂದೇನೇ ಬಂದು ಉಣ್ಲಿ. ನೀನೂ ಅಷ್ಟೆ," ಎಂದಳು ಸಪ್ಪಲಮ್ಮ.

ಅಂಕಮ್ಮ ಒಂದು ತುಣುಕು ಬಾಯಿಗಿಟ್ಟಳು. ಬೋಟಿ ಬೇಗ ಅಗಿಯುವ ಪದಾರ್ಥವಲ್ಲ. ಅತ್ತೆಯ ಕಣ್ಣು ಅವಳ ದವಡೆಯ ಮೇಲೆಯೇ ಇತ್ತು. ಅಂಗಳದಿಂದ ಪಿಳ್ಳಣ್ಣ ಹೆಂಡತಿ ಉಣ್ಣುವುದನ್ನು ಮದುವೆಯಾದ ಮೇಲೆ ಮೊದಲ ಸಲ ನೋಡುತ್ತ ನಿಂತಿದ್ದ. ಇಪ್ಪತ್ತು ಸಲ, ಮೂವತ್ತು ಸಲ ಅಗಿದಳು. ಮೊದಲು ಖಾರ ಬಂತು, ಆಮೇಲೆ ಕೊಬ್ಬರಿ, ಆಮೇಲೆ ಬರಬೇಕಾಗಿದ್ದು ಬರಲಿಲ್ಲ. ಚೆನ್ನಾಗಿದೆ ಎಂದು ಹೇಳಿ ನುಂಗಿಬಿಡುವುದು ಸುಲಭವಿತ್ತು. ಹನ್ನೊಂದು ವರ್ಷ ಮಾಡಿದ್ದು ಅದನ್ನೇ.

"ಉಪ್ಪು ಕಮ್ಮಿ ಅತ್ತೆ," ಎಂದಳು.

ಸಪ್ಪಲಮ್ಮ ತನ್ನ ತಟ್ಟೆಯಿಂದ ಒಂದು ತುಣುಕು ಎತ್ತಿ ಬಾಯಿಗೆ ಹಾಕಿಕೊಂಡಳು. ಗಂಡ ಸತ್ತ ಮೇಲೆ ಅವಳು ಬೋಟಿ ತಿಂದದ್ದು ಅದೇ ಮೊದಲು. ನಾಲ್ಕೇ ಹಲ್ಲಿನ ಬಾಯಲ್ಲಿ ಬಹಳ ಹೊತ್ತು ಅಗಿದಳು.

"ಹೂಂ, ಕಮ್ಮಿ. ಅವನು ಇದ್ದಿದ್ರೂ ಅದನ್ನೇ ಅಂತಿದ್ದ," ಎಂದು ಉಪ್ಪಿನ ಜಾಡಿಯನ್ನು ಸೊಸೆಯ ಕಡೆ ತಳ್ಳಿದಳು.